ಹಾರ್ನ್ ಇಲ್ಲದ ಜೀಪು

"ಇದರಲ್ಲಿ ಹಾರ್ನ್ ಎಲ್ಲಿ ಉಂಟು ಮಾರಾಯ್ತಿ?" ಎನ್ನುತ್ತ ಪ್ರೇಮನಾಥ ಲ್ಯಾಪ್‌ಟಾಪಿನ ಕೀಗಳನ್ನೆಲ್ಲ ಒಂದೊಂದಾಗಿ ಒತ್ತಿದರು. ಪರದೆಯ ಮೇಲೆ ಅವರ ಕೆಂಪು ಜೀಪು ಮಣ್ಣುರಸ್ತೆಯ ತಿರುವಿನ ಮುಂದೆ ಗುರುಗುಟ್ಟುತ್ತ ನಿಂತಿತ್ತು. ಮೇಲೆ ಸೆಕೆಂಡುಗಳು ಓಡುತ್ತಿದ್ದವು.

"ಹಾರ್ನ್ ಇಲ್ಲ ಅಪ್ಪ, ಇದು ರ‍್ಯಾಲಿ. ನೀವು ಬಿಡಿ ಮುಂದೆ," ಎಂದಳು ಮಗಳು ವಿಜೇತಾ. ಬ್ರೌಸರಿನಲ್ಲಿ ಆಟ ತೆರೆದುಕೊಟ್ಟವಳೂ ಅವಳೇ, ಅಪ್ಪ ಅಮ್ಮನಿಗೆ ಪಂದ್ಯ ಕಟ್ಟಿಸಿದವಳೂ ಅವಳೇ.

"ಹಾರ್ನ್ ಹಾಕದೆ ನುಗ್ಗುವುದಾ? ಎದುರಿನಿಂದ ಬಸ್ಸು ಬಂದರೆ ಎಂತ ಮಾಡುವುದು?"

ಮೂವತ್ತು ವರ್ಷ ಬಾಯಾರಿನ ಗುಡ್ಡದ ರಸ್ತೆಯಲ್ಲಿ ಜೀಪು ಓಡಿಸಿದವರ ಅಭ್ಯಾಸ ಹೋಗಬೇಕಲ್ಲ! ಪ್ರತಿ ತಿರುವಿಗೂ ಒಂದು ಉದ್ದ, ಎರಡು ಗಿಡ್ಡ ಹಾರ್ನ್. ಅದು ಕೇಳಿದ್ದೇ ತಡ, ಮೂರನೇ ತಿರುವಿನ ಚಾಯದಂಗಡಿಯ ಕೃಷ್ಣಕುಮಾರ ಸಕ್ಕರೆ ಹಾಕದ ಚಾಯ ಹಿಡಿದು ರಸ್ತೆಬದಿಗೆ ಬಂದು ನಿಲ್ಲುತ್ತಿದ್ದ.

ಪಂದ್ಯವೇನೂ ಸಣ್ಣದಲ್ಲ. ಪ್ರೇಮನಾಥರ ಹೆಂಡತಿ ಜಲಜಾಕ್ಷಿ ಲರ್ನರ್ಸ್ ಲೈಸೆನ್ಸ್ ಮಾಡಿಸಿಕೊಂಡು ಐದು ತಿಂಗಳು ದಾಟಿತ್ತು. ಡ್ರೈವಿಂಗ್ ಸ್ಕೂಲಿನ ಮೈದಾನದಲ್ಲಿ ಟೆಸ್ಟಿಗೆ ಬೇಕಾದ 'ಎಚ್' ಆಕಾರ ಹಾಕಲು ಬರುತ್ತದೆ. ಮನೆಯ ಜೀಪನ್ನು ರಸ್ತೆಗೆ ಇಳಿಸಬೇಕಾದರೆ ಪಕ್ಕದಲ್ಲಿ ಗಂಡ ಕೂರಬೇಕು. ಗಂಡ ಮಹಾಶಯರಿಗೆ ಇವತ್ತು ಸೊಂಟನೋವು, ನಾಳೆ ಬಾಡಿಗೆ ಟ್ರಿಪ್ಪು. ಲರ್ನರ್ಸ್ ಮುಗಿಯಲು ಇನ್ನು ಇಪ್ಪತ್ತೇ ದಿನ. ಐವತ್ತೆರಡರ ಜಲಜಾಕ್ಷಿಗೆ ಆ ಸ್ಟೇರಿಂಗ್ ಒಮ್ಮೆ ತನ್ನ ಕೈಗೆ ಬರಬೇಕೆಂಬ ಆಸೆ ಇಂದು ನಿನ್ನೆಯದಲ್ಲ. ಆಟದಲ್ಲಿ ಅವರು ಗೆದ್ದರೆ ನಾಳೆ ಬೆಳಿಗ್ಗೆಯೇ ಪ್ರೇಮನಾಥ ಪಕ್ಕದಲ್ಲಿ ಕೂರಬೇಕು. ಸೋತರೆ ಮತ್ತೆ ಆ ಮಾತು ಎತ್ತುವ ಹಾಗಿಲ್ಲ.

ಪ್ರೇಮನಾಥ ಪ್ರತಿ ತಿರುವಿನಲ್ಲೂ ನಿಂತು, ಇಣುಕಿ, ಇಲ್ಲದ ಬಸ್ಸಿಗೆ ಸೈಡ್ ಕೊಟ್ಟು, ಆರು ನಿಮಿಷಕ್ಕೆ ಗುರಿ ಮುಟ್ಟಿದರು.

"ಒಂದು ಗೀರು ಬಿದ್ದಿದೆಯಾ ನೋಡು!" ಎಂದು ಮೀಸೆ ತಿರುವಿದರು.

ಜಲಜಾಕ್ಷಿ ಸೆರಗು ಸಿಕ್ಕಿಸಿ ಕೂತರು. ಆಮೇಲೆ ನಡೆದದ್ದನ್ನು ಓಡಿಸುವುದು ಎನ್ನಲು ಬರುವುದಿಲ್ಲ. ಜೀಪು ಬಂಡೆಯ ಮೇಲಿಂದ ಹಾರಿತು, ಪೊದೆಯ ನಡುವೆ ನುಗ್ಗಿತು, ಎರಡು ಸಲ ಪಲ್ಟಿ ಹೊಡೆದು ಮತ್ತೆ ಚಕ್ರದ ಮೇಲೆ ನಿಂತಿತು. ಜೀಪು ವಾಲಿದ ಕಡೆಗೆಲ್ಲ ತಾವೂ ವಾಲುತ್ತ ಜಲಜಾಕ್ಷಿ ಬಿದ್ದು ಬಿದ್ದು ನಗುತ್ತಿದ್ದರು.

"ಬ್ರೇಕ್! ಅಯ್ಯೋ ಬ್ರೇಕ್ ಹಾಕು ಮಾರಾಯ್ತಿ!" ಎಂದು ಪ್ರೇಮನಾಥ ಬಲಗಾಲಿನಿಂದ ನೆಲ ಒತ್ತಿದರು.

"ನಾಲ್ಕು ನಿಮಿಷ! ಅಮ್ಮ ಗೆದ್ದರು!" ಎಂದು ವಿಜೇತಾ ಕುಣಿದಳು.

"ಇಂಥವಳ ಪಕ್ಕದಲ್ಲಿ ನಾನು ಕೂರುವುದಾ?"

"ಮಾತು ಅಂದರೆ ಮಾತು," ಎಂದರು ಜಲಜಾಕ್ಷಿ.

ಬೆಳಿಗ್ಗೆ ವಿಜೇತಾ ಜೀಪಿಗೆ ಎಲ್ ಬೋರ್ಡು ಅಂಟಿಸಿದಳು. ಪ್ರೇಮನಾಥ ಎರಡೂ ಕೈಯಲ್ಲಿ ಕಂಬಿ ಹಿಡಿದು ಕೂತರು. ಅವರಿಗೆ ನಿಜವಾಗಿಯೂ ಹೆದರಿಕೆಯಾಗಿತ್ತು. ಮೊದಲ ತಿರುವು ಬಂತು. ಜಲಜಾಕ್ಷಿ ಗೇರ್ ಇಳಿಸಿ, ಜೀಪನ್ನು ಎಡಕ್ಕೆ ತಂದು ಹಾರ್ನ್ ಹಾಕಿದರು. ಒಂದು ಉದ್ದ, ಎರಡು ಗಿಡ್ಡ.

"ನಿನ್ನೆ ಹಾರಿಸಿದ್ದೆಯಲ್ಲ?"

"ಅಲ್ಲಿ ಬಸ್ಸು ಇರಲಿಲ್ಲ. ಇಲ್ಲಿ ಉಂಟಲ್ಲ."

ಪ್ರೇಮನಾಥ ಒಂದು ಕೈಯನ್ನು ಕಂಬಿಯಿಂದ ಬಿಟ್ಟರು.

ಮೂರನೇ ತಿರುವಿನಲ್ಲಿ ಹಾರ್ನ್ ಕೇಳಿ ಕೃಷ್ಣಕುಮಾರ ಎಂದಿನಂತೆ ಗ್ಲಾಸು ಹಿಡಿದು ಓಡಿಬಂದ. ಡ್ರೈವರ್ ಸೀಟು ನೋಡಿ ಒಂದು ಗಳಿಗೆ ಬಾಯಿ ತೆರೆದು ನಿಂತ. ಆಮೇಲೆ ಗ್ಲಾಸನ್ನು ಜಲಜಾಕ್ಷಿಯ ಕೈಗೇ ಕೊಟ್ಟ.

"ಅದು ನನ್ನದಲ್ವಾ ಮಾರಾಯ?" ಎಂದರು ಪ್ರೇಮನಾಥ.

"ಚಾಯ ಡ್ರೈವರಿಗೆ ಪ್ರೇಮಣ್ಣ. ನಿಮಗೆ ಬೇರೆ ತರ್ತೇನೆ."

ಸಕ್ಕರೆಯಿಲ್ಲದ ಚಾಯ ಜಲಜಾಕ್ಷಿಗೆ ಯಾವತ್ತೂ ಸೇರಿದ್ದಿಲ್ಲ. ಒಂದು ಕೈಯನ್ನು ಸ್ಟೇರಿಂಗ್ ಮೇಲೇ ಇಟ್ಟುಕೊಂಡು, ಕೊನೆಯ ಗುಟುಕಿನವರೆಗೂ ಕುಡಿದರು.