ಸೋರದ ಫ್ಲಾಸ್ಕು

ನನಗೆ ಎರಡು ಗೋಡೆಗಳಿವೆ, ಅವುಗಳ ನಡುವೆ ಏನೂ ಇಲ್ಲ. ಆ ಏನೂ ಇಲ್ಲದ್ದೇ ನನ್ನ ಆಸ್ತಿ. ಪುಣೆಯ ಒಂದು ಕಾರ್ಖಾನೆಯಲ್ಲಿ ಭಿಕಾಜಿ ಎಂಬ ಮುದುಕ ಕೆನ್ನೆ ಉಬ್ಬಿಸಿ ಗಾಜು ಊದಿ, ಒಂದರೊಳಗೊಂದನ್ನು ಕೂರಿಸಿ, ಬೆಳ್ಳಿಯ ಲೇಪ ಕೊಟ್ಟು, ನಡುವಿನ ಗಾಳಿಯನ್ನೆಲ್ಲ ಪಂಪಿನಿಂದ ಹೀರಿ ತೆಗೆದು, ನನ್ನ ತಳದ ಮೂತಿಯನ್ನು ಉರಿಯಲ್ಲಿ ಮುಚ್ಚಿದ. ಹಾಗೆ ಅಗಲ ಬಾಯಿಯ ಫ್ಲಾಸ್ಕಾಗಿ ಹುಟ್ಟಿದೆ. ಒಳಗಿನ ಬಿಸಿಯನ್ನು ನಾನು ಹೊರಗೆ ಬಿಡುವುದಿಲ್ಲ, ಹೊರಗಿನದನ್ನು ಒಳಗೆ ಸೇರಿಸುವುದಿಲ್ಲ. ಗಂಜಿ ಹೊತ್ತು ಆಸ್ಪತ್ರೆಗೆ ಅಲೆಯುವ ಫ್ಲಾಸ್ಕುಗಳು ನನ್ನ ಬಡ ನೆಂಟರು. ನಾನು ಪ್ರಯೋಗಶಾಲೆಗೆಂದೇ ಹುಟ್ಟಿದವನು ಎಂಬ ಜಂಬ ಆಗ ನನಗಿತ್ತು.

ಒಣಹುಲ್ಲಿನ ಪೆಟ್ಟಿಗೆಯಲ್ಲಿ ಮಲಗಿ ನಾನು ಬಂದದ್ದು ಧಾರವಾಡದ ಸೀಮೆಗೆ, ರಸಾಯನಶಾಸ್ತ್ರದ ಇನಾಮದಾರ ಪ್ರೊಫೆಸರರ ಕೈಗೆ. ಉಪ್ಪು ಕರಗುವಾಗ ಎಷ್ಟು ಶಾಖ ಹೀರುತ್ತದೆ ಎಂದು ಅವರು ನನ್ನೊಳಗೆ ಮೂರೇ ಮೂರು ಸಲ ಅಳೆದರು: ಬರಿಯ ನೀರಿನಲ್ಲಿ ಒಮ್ಮೆ, ಅರ್ಧ ನೀರು ಅರ್ಧ ಆಲ್ಕೋಹಾಲಿನಲ್ಲಿ ಒಮ್ಮೆ, ಮುಕ್ಕಾಲು ಆಲ್ಕೋಹಾಲಿನಲ್ಲಿ ಒಮ್ಮೆ. ಮೂರು ಬಿಂದುಗಳ ಮೇಲೆ ಸ್ಕೇಲಿಟ್ಟು ನೆಟ್ಟನೆಯ ಗೆರೆ ಎಳೆದು ಅಚ್ಚು ಹಾಕಿಸಿದರು. ಆಮೇಲೆ ನನ್ನನ್ನು ಕಪಾಟಿಗೆ ಸೇರಿಸಿ ಆರು ವರ್ಷ ಮರೆತರು. ಆ ಗೆರೆಯನ್ನು ಮಾತ್ರ ಮರೆಯಲಿಲ್ಲ.

ನನ್ನನ್ನು ಹೊರಗೆ ತೆಗೆದವಳು ಅವರ ಕೈಕೆಳಗೆ ಪಿಎಚ್.ಡಿ. ಮಾಡುತ್ತಿದ್ದ ಸುಲೋಚನಾ ಬಳಿಗಾರ. ಮೂವತ್ತಮೂರು ವಯಸ್ಸು. ಹೆಣ್ಣುಮಕ್ಕಳ ಕಾಲೇಜೊಂದರಲ್ಲಿ ಏಳು ವರ್ಷದಿಂದ ತಾತ್ಕಾಲಿಕ ಉಪನ್ಯಾಸಕಿ. ಜೂನ್ ಒಳಗೆ ಪಿಎಚ್.ಡಿ. ಬಂದರೆ ಕೆಲಸ ಕಾಯಂ, ಬಾರದಿದ್ದರೆ ಆ ಜಾಗ ಬೇರೆಯವರಿಗೆ. ಇದನ್ನು ಅವಳು ಯಾರಿಗೂ ಹೇಳಿಕೊಳ್ಳುತ್ತಿರಲಿಲ್ಲ. ನನ್ನನ್ನು ತೊಳೆಯುವಾಗ ನನಗೆ ಹೇಳುತ್ತಿದ್ದಳು. "ನೀನರ ಖರೇ ಹೇಳಪಾ," ಎನ್ನುತ್ತಿದ್ದಳು.

ನಾನು ಖರೆಯನ್ನೇ ಹೇಳಿದೆ. ನೀರಿಗೆ ಆಲ್ಕೋಹಾಲು ಬಿದ್ದೊಡನೆ ಎರಡೂ ಸೇರಿ ಬೆಚ್ಚಗಾಗುತ್ತವೆ. ಆ ಸಡಗರ ಇಳಿಯುವ ತನಕ ಸುಲೋಚನಾ ಮಿಸುಕದೆ ಕಾಯುತ್ತಿದ್ದಳು. ಆಮೇಲೆ ಪೊಟ್ಯಾಸಿಯಂ ಕ್ಲೋರೈಡ್ ತುಂಬಿದ ತೆಳ್ಳನೆಯ ಗಾಜಿನ ಗುಳ್ಳೆಯನ್ನು ನನ್ನೊಳಗೇ ಕಡ್ಡಿಯಿಂದ ಒಡೆಯುತ್ತಿದ್ದಳು. ಉಪ್ಪು ಕರಗಿದಂತೆ ನನ್ನ ಹೊಟ್ಟೆ ತಣ್ಣಗಾಗುತ್ತಿತ್ತು, ಥರ್ಮಾಮೀಟರಿನ ಪಾದರಸ ಇಳಿಯುತ್ತಿತ್ತು. ಆಲ್ಕೋಹಾಲು ಹೆಚ್ಚಿದಷ್ಟೂ ಆ ತಂಪು ಒಂದೇ ಸಮನೆ ಬದಲಾಗಬೇಕು, ಅದು ಪ್ರೊಫೆಸರರ ಗೆರೆಯ ಅಪ್ಪಣೆ. ಆದರೆ ನೂರಕ್ಕೆ ಇಪ್ಪತ್ತು ಪಾಲು ಆಲ್ಕೋಹಾಲು ಇದ್ದಲ್ಲಿ ಉಪ್ಪು ಎಲ್ಲಕ್ಕಿಂತ ಹೆಚ್ಚು ಶಾಖ ಹೀರಿತು. ಗ್ರಾಫಿನಲ್ಲಿ ಅಲ್ಲೊಂದು ಉಬ್ಬು ಎದ್ದಿತು. ಅವಳು ಮತ್ತೆ ಮಾಡಿದಳು. ಮತ್ತೆ ಉಬ್ಬು. ಅಂದು ಅವಳ ಮುಖ ನೋಡಬೇಕಿತ್ತು! ಅಷ್ಟು ಖುಷಿಯಾದ ಮನುಷ್ಯರನ್ನು ನಾನು ಮೊದಲೂ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ.

"ಇದೇನವಾ, ಒಂಟೆ ಡುಬ್ಬದಂಗ ಎದ್ದದ?" ಎಂದರು ಇನಾಮದಾರರು.

"ಹನ್ನೊಂದು ಸಲ ಮಾಡೀನ್ರಿ ಸರ್. ಹನ್ನೊಂದು ಸಲಾನೂ ಹಿಂಗ ಬಂದೈತ್ರಿ."

"ಹಂಗಾದ್ರ ಫ್ಲಾಸ್ಕ್ ಸೋರ್ತದ. ಆ ಉಬ್ಬಿನ ನಾಕು ಬಿಂದು ತಗದು ಹಾಕು, ಗೆರಿ ನೆಟ್ಟಗ ಬರ್ತದ. ಜೂನ್‌ದಾಗ ಡಿಗ್ರಿ ಬೇಕೋ ಬ್ಯಾಡೋ ನಿನಗ?"

ನನಗೆ ಮೈಯೆಲ್ಲ ಉರಿದುಹೋಯಿತು. ಸೋರುವ ಫ್ಲಾಸ್ಕು ನಾಲ್ಕೇ ಬಿಂದುಗಳಲ್ಲಿ ಸೋರಿ ಉಳಿದೆಡೆ ಸುಮ್ಮನಿರುತ್ತದೆಯೇ? ಅವಳಿಗೂ ಅದು ಗೊತ್ತಿತ್ತು. ಮೂರು ದಿನ ಅವಳು ನನ್ನ ಹತ್ತಿರ ಬರಲಿಲ್ಲ. ನಾಲ್ಕನೆಯ ದಿನ ಬಂದು ಹೊಸ ಗ್ರಾಫ್ ಹಾಳೆ ಬಿಡಿಸಿ, ಸ್ಕೇಲಿಟ್ಟು, ನೆಟ್ಟನೆಯ ಗೆರೆ ಎಳೆದಳು. ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಮೇ ತಿಂಗಳಲ್ಲಿ ಮೌಖಿಕ ಪರೀಕ್ಷೆ. ಪ್ರಯೋಗದ ಸಾಮಾನುಗಳ ಜೊತೆ ನನ್ನನ್ನೂ ಮೇಜಿನ ಮೇಲೆ ಇಟ್ಟಿದ್ದರು. ಮೈಸೂರಿನ ಕಡೆಯಿಂದ ಬಂದಿದ್ದ ಪರೀಕ್ಷಕಿ ಡಾ. ಅಲಮೇಲು ಪ್ರಬಂಧದ ಪುಟ ತಿರುವಿ ಗ್ರಾಫಿನ ಮೇಲೆ ಬೆರಳಿಟ್ಟರು.

"ಇಪ್ಪತ್ತರ ಹತ್ತಿರ ಇಲ್ಲೊಂದು ಉಬ್ಬು ಬರ್ಬೇಕಲ್ಲಮ್ಮ? ಹೋದ ವರ್ಷ ನಾವೂ ಅಳೆದ್ವಿ, ಚೆನ್ನಾಗೇ ಕಾಣ್ಸುತ್ತೆ. ನಿಮ್ಮದು ಎಲ್ಲಿ ಹೋಯ್ತು?"

ಸುಲೋಚನಾ ತನ್ನ ಗೈಡಿನ ಕಡೆ ನೋಡಿದಳು. ಇನಾಮದಾರರು ಕನ್ನಡಕ ಒರೆಸುತ್ತಿದ್ದರು, ಒರೆಸುತ್ತಲೇ ಇದ್ದರು. ಬಂದಿತ್ತು, ಅಳಿಸಿದೆ ಎಂದರೆ ಅವಳು ಕಳ್ಳಿ. ಅಳಿಸಲು ಹೇಳಿದವರ ಹೆಸರೆತ್ತಿದರೆ ಈ ವಿಭಾಗದಲ್ಲಿ ಅವಳಿಗೆ ನಿಲ್ಲಲು ನೆಲೆಯಿಲ್ಲ. ಹೇಳು ತಾಯಿ, ಹೇಳಿಬಿಡು ಎಂದು ನಾನು ಗಾಜಿನ ಎದೆಯೊಳಗೇ ಕೂಗಿಕೊಂಡೆ.

"ಫ್ಲಾಸ್ಕ್ ಸೋರ್ತಿತ್ತು ಮೇಡಂ," ಎಂದಳು.

ಪರೀಕ್ಷಕಿ ಪ್ರಬಂಧ ಮುಚ್ಚಿದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. "ಹಾಗಾದ್ರೆ ಯಾವ ಅಂಕಿಯನ್ನೂ ನಂಬೋ ಹಾಗಿಲ್ಲವಲ್ಲಮ್ಮ. ಎಲ್ಲಾ ಮೊದಲಿಂದ ಅಳೀಬೇಕಾಗುತ್ತೆ."

ಮೊದಲಿನಿಂದ ಎಂದರೆ ಮತ್ತೆ ನಾಲ್ಕು ವರ್ಷ. ಜೂನ್‌ಗೆ ಉಳಿದಿದ್ದದ್ದು ಹನ್ನೆರಡು ದಿನ.

ಜುಲೈಯಲ್ಲಿ ಅವಳು ಪ್ರಯೋಗಶಾಲೆಯ ಕೀಲಿ ಮರಳಿಸಲು ಬಂದಳು. ಕೆಟ್ಟ ಫ್ಲಾಸ್ಕೆಂದು ಹೆಸರಾದ ಮೇಲೆ ಅಟೆಂಡರ್ ಹುಸೇನಸಾಬ ನನ್ನನ್ನು ತಿಕ್ಕಿ ತೊಳೆದು, ಬೂಚು ಹಾಕಿ, ಚಹಾ ಇಡಲು ಇಟ್ಟುಕೊಂಡಿದ್ದ. ಮುಂಜಾನೆ ತುಂಬಿದ್ದ ಚಹಾವನ್ನು ಮಧ್ಯಾಹ್ನ ಮೂರಕ್ಕೆ ಅವಳಿಗೆ ಬಗ್ಗಿಸಿ ಕೊಟ್ಟ. ಮೊದಲ ಗುಟುಕಿಗೇ ಅವಳ ನಾಲಿಗೆ ಸುಟ್ಟಿತು.

"ಸೋರ್ತೈತಿ ಅಂದವರು ಯಾರ್ರೀ ಅಕ್ಕಾರ? ಬೆಂಕಿ ಐತಿ ನೋಡ್ರಿ ಇನ್ನಾ!" ಎಂದು ಹುಸೇನಸಾಬ ನಕ್ಕ. ಅವನಿಗೇನು ಗೊತ್ತು ಪಾಪ.

"ನಾನ ಅಂದಿದ್ನೆಪಾ," ಎಂದಳು ಸುಲೋಚನಾ. ಚಹಾ ಪೂರ್ತಿ ಕುಡಿದು, ಕೀಲಿಯನ್ನು ಮೇಜಿನ ಮೇಲಿಟ್ಟು ಹೋದಳು. ಮತ್ತೆ ಬರಲಿಲ್ಲ.

ಹುಸೇನಸಾಬ ನಿವೃತ್ತನಾದ ವರ್ಷ ಯಾರೋ ನನ್ನನ್ನು ಕಟ್ಟಡದ ಹಿಂದಿನ ಗುಜರಿಯ ರಾಶಿಗೆ ಎಸೆದರು. ತಳದ ಮೂತಿ ಮುರಿಯಿತು. ಭಿಕಾಜಿ ಹೊರಹಾಕಿದ್ದ ಗಾಳಿಯೆಲ್ಲ ಸುಯ್ಯೆಂದು ಒಳಗೆ ಬಂದು ಕೂತಿತು. ಬಿಸಿಲಾದರೆ ನಾನೂ ಬಿಸಿ, ಚಳಿಯಾದರೆ ನಾನೂ ತಣ್ಣಗೆ. ಅವಳ ಮೇಲೆ ನನಗೆ ಸಿಟ್ಟಿಲ್ಲ. ಅವಳ ಆ ಸುಳ್ಳನ್ನು ನಿಜ ಮಾಡಿ ಮಲಗಿದ್ದೇನೆ, ಆದರೆ ಅದರಿಂದ ಈಗ ಅವಳಿಗೆ ಏನೂ ಆಗಬೇಕಾದ್ದಿಲ್ಲ.