ಶುಭ ಕೋರುವವರು

ಪರದೆಯ ತುಂಬ ಒಂದೇ ಬಾಯಿ ಇತ್ತು. ರಣಧೀರ ದಾದಾನ ಮೇಲ್ಸಾಲಿನ ಹಲ್ಲುಗಳನ್ನು ಒಂದೊಂದೂ ಅಂಗೈಯಷ್ಟಾಗುವಂತೆ ಹಿಗ್ಗಿಸಿಕೊಂಡು, ಸಂದಿಗಳಲ್ಲಿ ಕಟ್ಟಿಕೊಂಡಿದ್ದ ಗುಟ್ಕಾದ ಕರೆಯನ್ನು ವೃಷಾಲಿ ಮೌಸಿನಿಂದ ಒರೆಸುತ್ತಿದ್ದಳು. ಒರೆಸಿದಷ್ಟೂ ಒಸಡಿನ ಅಂಚಿನಲ್ಲಿ ಇನ್ನೊಂದು ಕಂದು ಗೆರೆ ಏಳುತ್ತಿತ್ತು. ಕೆಳತುಟಿಯ ಮೂಲೆಯಲ್ಲಿ ಎಂಜಲಿನ ಹನಿಯೊಂದು, ಫೋಟೋ ತೆಗೆದ ಗಳಿಗೆಯಲ್ಲಿ ಹೊಳೆದದ್ದು, ಹಾಗೇ ನಿಂತುಬಿಟ್ಟಿತ್ತು. ಅದನ್ನೂ ಅಳಿಸಬೇಕು. ಬೆಳಿಗ್ಗೆ ಕುಡಿದ ಚಹಾ ಗಂಟಲವರೆಗೆ ಬಂದು ಇಳಿಯಿತು.

ಹಠಾತ್ತನೆ ಬಾಯಿ ಮಾಯವಾಗಿ ಪರದೆ ಪೂರ್ತಿ ನೀಲಿಯಾಯಿತು. ನಿಮ್ಮ ಕಂಪ್ಯೂಟರಿನ ಹಳೆಯ ವಿಂಡೋಸಿಗೆ ಇನ್ನು ಮುಂದೆ ರಕ್ಷಣೆ ಇರುವುದಿಲ್ಲ, ಹೊಸದಕ್ಕೆ ಬನ್ನಿ ಎಂಬ ಒಕ್ಕಣೆ. ಕೆಳಗೆ ಎರಡು ಗುಂಡಿ. ಒಂದು ‘ಈಗಲೇ’, ಇನ್ನೊಂದು ‘ಆಮೇಲೆ’.

"ಅದನ್ನ ಒತ್ತಬ್ಯಾಡ!" ಕನ್ನಡಿಯ ಮುಂದೆ ತಲೆ ಬಾಚುತ್ತಿದ್ದ ಸುದಾಮ ಬಾಚಣಿಗೆ ಹಿಡಿದೇ ಓಡಿ ಬಂದ. "ಆಮ್ಯಾಲೆ ಒತ್ತು, ಆಮ್ಯಾಲೆ."

"ದಿನಾ ಕೇಳತೈತಿ ರೀ. ಒಂದಿನ ಕೇಳೂದ ಬಿಟ್ಟು ತಾನ ಕೆಟ್ಟು ಕುಂತ್ರ?"

"ಕೆಟ್ಟಾಗ ನೋಡೋಣು. ಈಗ ದಾದಾನ ಹಲ್ಲು ನೋಡು."

ಅವಳು ‘ಆಮೇಲೆ’ ಒತ್ತಿದಳು. ಬಾಯಿ ಮತ್ತೆ ಬಂತು.

ಈ ಜಗಳ ಮಳೆಗಾಲದಿಂದ ನಡೆದಿತ್ತು. ಕರಾಡದ ಆ ಓಣಿಯ ಮುಂಗೋಣೆಯಲ್ಲಿ, ಫ್ರಿಜ್ಜಿನ ಪಕ್ಕ, ಹಳೆ ಸೀರೆಯ ತುಂಡು ಹೊದ್ದು ಕೂರುತ್ತಿದ್ದ ಕಂಪ್ಯೂಟರೇ ಗಂಡಹೆಂಡಿರ ಅನ್ನ. ಸುದಾಮ ಊರು ಸುತ್ತಿ ಫ್ಲೆಕ್ಸಿನ ಆರ್ಡರು ತರುತ್ತಿದ್ದ. ಕೂತು ಮಾಡುವವಳು ವೃಷಾಲಿ. ಮುದ್ರಣ ಹೊರವಲಯದ ಕಾರ್ಖಾನೆಯಲ್ಲಿ. ಡಿಸೈನಿನ ಸಾಫ್ಟ್‌ವೇರು ಕದ್ದ ಪ್ರತಿ. ಅದನ್ನು ಹಾಕಿಕೊಟ್ಟವನು ಎಂದೋ ದುಬೈ ಸೇರಿದ್ದ. ಸಿಂಹ, ಹುಲಿ, ಸಿಂಹಾಸನ, ಆಳೆತ್ತರದ ಹಾರ, ಜರಿ ಪೇಟ, ಬೆಂಕಿಯ ಜ್ವಾಲೆ, ಎಲ್ಲ ಅದರ ಹೊಟ್ಟೆಯಲ್ಲೇ ಇದ್ದವು. ಮರಾಠಿ ಅಕ್ಷರಗಳೂ ಆ ಕಾಲದವೇ. ಹೊಸ ವಿಂಡೋಸ್ ಬಂದರೆ ಇದೊಂದೂ ಏಳುವುದಿಲ್ಲವೆಂದು ಕಾರ್ಖಾನೆಯವರು ಸುದಾಮನಿಗೆ ಹೇಳಿದ್ದರು. "ಅದು ಹೋದ್ರ ನಾವ ಹೋದಂಗ" ಎಂದು ಅವನು ಅಂದಿನಿಂದ ಜಪ ಮಾಡುತ್ತಿದ್ದ.

ವೃಷಾಲಿಯ ತಲೆಯಲ್ಲಿ ಬೇರೆಯೇ ಇತ್ತು. ಒಂದೇ ಪ್ರೆಸ್ಸಿನಲ್ಲಿ ಒಟ್ಟಿಗೆ ಟೈಪು ಕಲಿತ ಅನುಪಮಾ ಈಗ ಪುಣೆಯಲ್ಲಿ ಮಕ್ಕಳ ಶಾಲಾಪುಸ್ತಕ ಮಾಡುವವರ ಹತ್ತಿರ ಇದ್ದಳು. "ಮನ್ಯಾಗ ಕುಂತ ಮಾಡೂ ಕೆಲಸ. ಒಂದು ಪಾಠ ಮಾಡಿ ತೋರ್ಸು, ಮೆಚ್ಚಿದ್ರ ಕೊಡ್ತಾರ. ಆದ್ರ ನಿನ್ನ ಆ ಮುದಿ ಕಂಪ್ಯೂಟರಿನಾಗ ನಮ್ಮ ಫೈಲು ತೆರಿಯೂದಿಲ್ಲವಾ" ಎಂದಿದ್ದಳು. ಮೆಚ್ಚಿದರೆ. ಆ ‘ರೆ’ ಹಿಡಿದುಕೊಂಡು ಇದ್ದ ಅನ್ನ ಚೆಲ್ಲುವುದು ಹೇಗೆ? ಹಾಗಾಗಿ ನೀಲಿ ಪರದೆ ಬಂದಾಗಲೆಲ್ಲ ಅವಳ ಬೆರಳು ‘ಆಮೇಲೆ’ಯ ಕಡೆಗೇ ಹೋಗುತ್ತಿತ್ತು.

ಹತ್ತು ಗಂಟೆಗೆ ಗೋಟ್ಯಾ ಬಂದ. ದಾದಾನ ಬಲಗೈ ತಾನೆಂದು ಊರಿಗೆಲ್ಲ ಹೇಳಿಕೊಂಡು ತಿರುಗುವವನು. ಚಪ್ಪಲಿ ಬಿಡದೆ ಒಳಗೆ ಬಂದು ದಿವಾನದ ಮೇಲೆ ಕಾಲು ಮಡಿಚಿ ಕೂತ.

"ವೈನಿ, ಚಹಾ ಆಗ್ಲಿ. ನಾಳೆ ಸಂಜಿಗೆ ದಾದಾ ಹೊರಗ ಬರಾಕತ್ತಾರ. ಊರ ತುಂಬ ಹಚ್ಚೂದೈತಿ."

"ಜಾಮೀನು ಸಿಕ್ಕೈತಿ, ಅಷ್ಟ ಅಲ್ಲೇನು? ಕೇಸು ಹಂಗ ಐತಲ್ಲ?" ಎಂದಳು ವೃಷಾಲಿ.

"ನೀವೇನು ವಕೀಲ್ರೇನ ವೈನಿ?" ಗೋಟ್ಯಾ ನಕ್ಕ. ಕಿಟಕಿಗೆ ಬಾಯಿ ಹಚ್ಚಿ ಪಿಚಕ್ಕನೆ ಉಗುಳಿದ. ಕೆಳಗೆ ಅವಳ ಕರಿಬೇವಿನ ಕುಂಡ ಇತ್ತು. "ಬರ್ಕೋರಿ. ನಾನ ಕಟ್ಟೇನಿ ಇದನ್ನ. ‘ಹುಲಿ ಮರಳಿ ಬಂತು ಕಾಡಿಗೆ, ಜಿಂಕೆ ಇರಲಿ ತನ್ನ ಪಾಡಿಗೆ!’ ಹೆಂಗೈತಿ ಸುದಾಮ ಭಾವು?"

"ಮಸ್ತ್!" ಎಂದ ಸುದಾಮ.

ಜಿಂಕೆ ಯಾರೆಂದು ಮೂವರಿಗೂ ಗೊತ್ತಿತ್ತು. ಎಣ್ಣೆಗಾಣದ ಗಲ್ಲಿಯ ತೇಜಶ್ರೀ, ದಾದಾನ ಪತ್ತಿನ ಸಂಘದ ಕೌಂಟರಿನಲ್ಲಿ ಕೂರುತ್ತಿದ್ದ ಹುಡುಗಿ. ಒಂದು ಮಧ್ಯಾಹ್ನ ದಾದಾ ಅವಳನ್ನು ಮಹಡಿಯ ಕೋಣೆಗೆ ಕರೆಸಿಕೊಂಡಿದ್ದ. ಅವಳು ಬರಿಗಾಲಲ್ಲಿ ಮೆಟ್ಟಿಲಿಳಿದು, ಪೇಟೆಯ ನಡುವೆ ಓಡಿ, ನೇರ ಪೊಲೀಸ್ ಠಾಣೆಗೆ ಹೋಗಿ ನಿಂತಳು. ಹರಿದ ತೋಳನ್ನು ಕೈಯಲ್ಲಿ ಹಿಡಿದುಕೊಂಡು ಓಡಿದ್ದನ್ನು ಪೇಟೆಯೆಲ್ಲ ನೋಡಿತ್ತು. ಈಗ ಪೇಟೆಗೆ ಅದು ಮರೆತಿತ್ತು.

ವೃಷಾಲಿ ಸಾಲನ್ನು ಟೈಪು ಮಾಡಿದಳು. ಅಕ್ಷರಕ್ಕೆ ಹಳದಿ ಬಣ್ಣ ಕೊಟ್ಟಳು, ಸುತ್ತ ಕೆಂಪು ಅಂಚು. ಕೈಗೆ ರೂಢಿಯಾದ ಕೆಲಸ, ತಲೆ ಬೇಕಾಗಿರಲಿಲ್ಲ. ಕೆಳಗೆ ‘ಶುಭ ಕೋರುವವರು’ ಎಂದು ಬರೆದು ದುಂಡು ಮುಖಗಳನ್ನು ಜೋಡಿಸತೊಡಗಿದಳು. ಕಪ್ಪು ಕನ್ನಡಕ, ಎತ್ತಿದ ಗದ್ದ, ಕಿವಿಗೆ ಒತ್ತಿದ ಫೋನು. ಯಾರ ಮುಖ ಯಾರ ಮುಖಕ್ಕಿಂತ ಒಂದು ಬೆರಳು ದೊಡ್ಡದಾಯಿತು ಎಂಬುದಕ್ಕೆ ಈ ಊರಲ್ಲಿ ತಲೆ ಒಡೆದದ್ದುಂಟು. ಅದಕ್ಕೇ ಗೋಟ್ಯಾ ಹಿಂದೆ ನಿಂತು, ಇವನನ್ನು ಅತ್ತ ಸರಿಸು, ಅವನನ್ನು ಇತ್ತ ತಳ್ಳು ಎಂದು ಬೆರಳು ತೋರಿಸುತ್ತಿದ್ದ. ಅವನ ಉಸಿರು ಅವಳ ಕಿವಿಯ ಹತ್ತಿರ ಜರ್ದಾದ ವಾಸನೆ ಹೊಡೆಯುತ್ತಿತ್ತು.

"ಚೌಕಿನಾಗ ದೊಡ್ಡದು," ಎಂದ ಹೊರಡುತ್ತ. "ಗಾಣದ ಗಲ್ಲಿ ಬಾಯಾಗ ಒಂದು. ಅಲ್ಲಿ ಮಾತ್ರ ತಪ್ಪಸಬ್ಯಾಡ್ರಿ. ನಾಕ್ ಗಂಟೆಗೆ ಬರ್ತೇನಿ."

ಮಧ್ಯಾಹ್ನ ಜೋಳದ ಡಬ್ಬ ಹೊತ್ತು ಅವಳು ಗಿರಣಿಗೆ ಹೋದಳು. ನಾಲ್ಕೈದು ಹೆಂಗಸರು ಒಂದು ಕಡೆ ಒತ್ತಿಕೊಂಡು ನಿಂತಿದ್ದರು. ಇನ್ನೊಂದು ಕಡೆ, ಹಿಟ್ಟಿನ ಧೂಳಿನಲ್ಲಿ, ತೇಜಶ್ರೀಯ ತಾಯಿ ಶೇವಂತಾ ಕಾಕು ಒಬ್ಬಳೇ. ಹಿಂದೆಲ್ಲ ಇದೇ ಗಿರಣಿಯಲ್ಲಿ ಕಾಕುವಿನ ಸುತ್ತಲೇ ನಗು. ವೃಷಾಲಿ ಎತ್ತ ನಿಲ್ಲುವುದೆಂದು ತಿಳಿಯದೆ ನಡುವೆ ಡಬ್ಬ ಇಳಿಸಿದಳು.

ಕಾಕು ತಾನೇ ಹತ್ತಿರ ಬಂದು ಡಬ್ಬದೊಳಗೆ ಕೈಯಾಡಿಸಿ ಜೋಳ ನೋಡಿದಳು. "ಛಲೋ ಅದಾವು. ಬಾರ್ಶಿ ಜ್ವಾಳೇನ?"

"ಹೌದ್ರಿ ಕಾಕು."

"ಈ ಸಲಾನೂ ನೀನ ಮಾಡಾಕತ್ತಿಯೇನವಾ?"

"ಏನ್ರಿ?"

"ಅವನ ಫೋಟೋ. ನಿನ್ನ ಕೈಯಾಗ ಭಾಳ ಛಂದ ಬರತೈತಿ ಅಂತಾರ ಮಂದಿ."

ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಸೊಪ್ಪಿನ ಬೆಲೆ ಕೇಳಿದ ಹಾಗಿತ್ತು. ವೃಷಾಲಿ ಡಬ್ಬದ ಮುಚ್ಚಳ ಮುಚ್ಚಿದಳು.

"ಬ್ಯಾರೆ ಏನಿಲ್ಲ. ನಮ್ಮ ಗಲ್ಲಿ ಬಾಯಾಗ ಕಟ್ಟೂದಿದ್ರ ಒಂದೀಟ ಮ್ಯಾಲೆ ಕಟ್ಟಾಕ ಹೇಳು. ಇಲ್ಲಾಂದ್ರ ನಮ್ಮ ಕಿಟಕಿಗೆ ಸಮಾ ಬರತೈತಿ ಮಾರಿ. ಹ್ವಾದ ತಿಂಗಳ ಅವನ ಹುಟ್ಟುಹಬ್ಬಕ್ಕ ಕಟ್ಟಿದ್ರಲ್ಲ, ಅವ ಒಳಗಿದ್ದಾಗ? ಅವತ್ತಿನಿಂದ ಅಕಿ ಕಿಟಕಿ ತೆಗಿಯೂದ ಬಿಟ್ಟಾಳ. ಒಳಗ ಗಾಳಿ ಇಲ್ಲ, ಏನಿಲ್ಲ."

ಗಿರಣಿಯವನು ಕಾಕುವಿನ ಹಿಟ್ಟು ಕಟ್ಟಿಕೊಟ್ಟ. ಅವಳು ಚೀಲ ಹೊತ್ತು ಹೋದಳು. ಆ ಹುಟ್ಟುಹಬ್ಬದ ಫ್ಲೆಕ್ಸನ್ನು ಮಾಡಿದ್ದು ವೃಷಾಲಿಯೇ. ದಾದಾನ ಕಣ್ಣು ಎಲ್ಲಿ ನಿಂತು ನೋಡಿದರೂ ತಮ್ಮನ್ನೇ ನೋಡಿದಂತಿರಬೇಕು ಎಂದು ಗೋಟ್ಯಾ ಹೇಳಿದ್ದ. ಅವಳು ಹಾಗೇ ತಿದ್ದಿ ಕೊಟ್ಟಿದ್ದಳು. ಚೆನ್ನಾಗಿ ಬಂದಿದೆ ಎಂದು ಅವತ್ತು ಸ್ವಲ್ಪ ಹೆಮ್ಮೆಯೂ ಆಗಿತ್ತು.

ಮನೆಗೆ ಬಂದಾಗ ಸುದಾಮ ಬಿಳಿ ಅಂಗಿ ತೊಟ್ಟು, ತಲೆಗೆ ಎಣ್ಣೆ ಹಚ್ಚಿ, ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದ. ಮುಖ ಮದುಮಗನದಂತೆ ಹೊಳೆಯುತ್ತಿತ್ತು.

"ಲಗೂನ ಬಾ. ನಂದೊಂದು ಫೋಟೋ ತಗಿ. ಗೋಟ್ಯಾ ಫೋನ್ ಮಾಡಿದ್ದ. ಈ ಸಲ ನಂದೂ ಹಾಕಾಕ ಹೇಳ್ಯಾನ! ಎರಡನೇ ಸಾಲಿನಾಗ, ಹೆಸರು ಸಮೇತ. ಇಷ್ಟು ವರ್ಷ ಮಂದಿ ಮಾರಿ ಅಂಟಿಸಿದ್ದಾತು, ಒಮ್ಮೆ ನಮ್ಮದು ಬ್ಯಾಡೇನು?"

"ಗಾಣದ ಗಲ್ಲಿಯದರಾಗೂ ಹಾಕಬೇಕೇನು?"

"ಎಲ್ಲಾದರಾಗೂ! ಅಲ್ಲಿ ಯಾಕ ಬಿಡ್ತಿ?"

"ಸಣ್ಣಾಕಿದ್ದಾಗ ಅಕಿ ನಮ್ಮ ಮನ್ಯಾಗ ಕುಂತು ಚಿತ್ರ ಬರದಾಳ ರೀ. ನಿಮ್ಮನ್ನ ಕಾಕಾ ಅಂತಿದ್ಲು."

"ಅದಕ್ಕ ನಾ ಏನ್ ಮಾಡ್ಲಿ?" ಸುದಾಮ ಕಾಲರು ಸರಿಮಾಡಿಕೊಂಡ. "ನಾ ಏನ್ ಮಾಡೇನು ಅಕಿಗೆ? ಫೋಟೋ ಹಾಕಿದ್ರ ಪಾಪ ಬರತೈತೇನು? ದಾದಾನ ಕೃಪಾ ಇತ್ತಂದ್ರ ನಗರಪಾಲಿಕೆ ಬೋರ್ಡುಗಳೂ ನಮಗ ಬರ್ತಾವು. ತಗಿ, ತಗಿ."

ಅವಳು ಫೋಟೋ ತೆಗೆದಳು. ಅವನು ಕೈಮುಗಿದು ನಿಂತು ನಕ್ಕ. "ಒಂಚೂರು ಬೆಳ್ಳಗ ಮಾಡು ಮಾರಿ" ಎಂದು ಹೇಳಿ, ಮೀಸೆ ತಿದ್ದಿಸಿಕೊಳ್ಳಲು ಕ್ಷೌರದಂಗಡಿಗೆ ಹೋದ.

ವೃಷಾಲಿ ಗಂಡನ ಮುಖವನ್ನು ಪರದೆಗೆ ತಂದು ಹಿಗ್ಗಿಸಿದಳು. ಕಿವಿಯ ಸುತ್ತ, ಕೂದಲಿನ ಸುತ್ತ ಕತ್ತರಿಸಿಕೊಂಡು ಬಂದಳು. ಆ ಕಿವಿಯ ಹಿಂದಿನ ಮಚ್ಚೆ ಅವಳಿಗೆ ಗೊತ್ತಿತ್ತು, ಎಡ ಹುಬ್ಬಿನ ಗಾಯದ ಗುರುತು ಗೊತ್ತಿತ್ತು. ಆ ನಗು ಮಾತ್ರ ಗೊತ್ತಿರಲಿಲ್ಲ. ಅದು ಕೆಳಗೆ ಸಾಲಾಗಿ ಕೂತಿದ್ದ ನಲವತ್ತು ಜನರ ನಗು. ಯಾರದೋ ಬಾಗಿಲಲ್ಲಿ ನಿಂತು ಎಂಜಲಿಗೆ ಕಾಯುವ ನಗು. ಎಲ್ಲಿ ಕಲಿತ? ಮನೆಯಲ್ಲಿ ತಾನು ಹೀಗೆ ಇಡೀ ದಿನ ಆ ನಗುಗಳನ್ನು ತೊಳೆದು ಒಣಗಿಸುತ್ತಿದ್ದಾಗ ಹಿಂದೆ ನಿಂತು ನೋಡಿ ಕಲಿತನೇನೋ. ಅವಳು ಮುಖವನ್ನು ದುಂಡಗೆ ಮಾಡಿ ಎರಡನೆಯ ಸಾಲಿಗೆ ಎಳೆದು ತಂದಳು. ಅದು ಸರಿಯಾಗಿ ‘ಜಿಂಕೆ’ ಎಂಬ ಅಕ್ಷರಗಳ ಕೆಳಗೆ ಹೋಗಿ ಕೂತಿತು.

ಅವಳು ಮೌಸು ಬಿಟ್ಟಳು. ಇದು ದಾದಾನ ಹಲ್ಲು ನೋಡಿದಾಗ ಬಂದ ಓಕರಿಕೆಯಲ್ಲ. ಅದು ಪರರ ಕೊಳೆ, ಕೈ ತೊಳೆದರೆ ಹೋಗುತ್ತಿತ್ತು. ಇದು ತನ್ನ ಹಾಸಿಗೆಯಲ್ಲಿ ಮಲಗುವ ಮುಖ. ಬಚ್ಚಲಿಗೆ ಹೋಗಿ ಬಾಗಿ ನಿಂತಳು, ಏನೂ ಬರಲಿಲ್ಲ. ಬಾಯಿ ಮುಕ್ಕಳಿಸಿ ಮರಳಿ ಬಂದು ಕೂತಾಗ ಪರದೆ ನೀಲಿಯಾಗಿತ್ತು. ಎರಡು ಗುಂಡಿ.

ಅವಳು ಫ್ಲೆಕ್ಸನ್ನು ಉಳಿಸಿರಲಿಲ್ಲ. ಉಳಿಸಲು ಹೋಗಲೂ ಇಲ್ಲ. ‘ಈಗಲೇ’ ಒತ್ತಿದಳು. ಖಚಿತವೇ ಎಂದು ಕೇಳಿತು. ಹೌದು ಎಂದು ಒತ್ತಿದಳು. ಎದೆ ಢವಢವ ಹೊಡೆದುಕೊಳ್ಳುತ್ತಿತ್ತು.

ಸುದಾಮ ಮೀಸೆ ತಿದ್ದಿಸಿಕೊಂಡು ಬರುವ ಹೊತ್ತಿಗೆ ಕಪ್ಪು ಪರದೆಯ ನಡುವೆ ಒಂದು ಚಕ್ರ ತಿರುಗುತ್ತಿತ್ತು.

"ಏನಾತು? ಕರೆಂಟ್ ಹೋಗಿತ್ತೇನು?"

"ಇಲ್ಲ. ಹೊಸಾದು ಹಾಕಾಕ ಹಚ್ಚೇನಿ."

"ಹುಚ್ಚಿ! ಕೈ ತಪ್ಪಿ ಒತ್ತಿದಿ?"

"ಕೈ ತಪ್ಪಿಲ್ಲ."

ಅವನು ಸ್ವಿಚ್ಚಿನ ಕಡೆ ಹಾರಿದ. ಅವಳು ಮೊದಲೇ ಎದ್ದು ಸ್ವಿಚ್ಚಿನ ಮೇಲೆ ಕೈ ಇಟ್ಟು ನಿಂತಿದ್ದಳು. "ತಗದ್ರ ಹೊಸಾದೂ ಇಲ್ಲ, ಹಳೇದೂ ಇಲ್ಲ. ಡಬ್ಬಿ ಅಷ್ಟ ಉಳೀತೈತಿ. ತಗೀತೀರೇನು?"

ಅವನ ಕೈ ಗಾಳಿಯಲ್ಲೇ ನಿಂತಿತು. ಆಗಲೇ ಬಾಗಿಲಲ್ಲಿ ಗೋಟ್ಯಾ.

"ಆತೇನ್ ವೈನಿ? ಕಾರ್ಖಾನಿಯವ ಕಾಯಾಕತ್ತಾನ."

"ಆಗಿಲ್ಲ. ಆಗೂದೂ ಇಲ್ಲ."

ಗೋಟ್ಯಾ ಪರದೆ ನೋಡಿದ, ಸುದಾಮನನ್ನು ನೋಡಿದ, ಅವಳನ್ನು ನೋಡಿದ. ನಗು ಹಾಗೇ ಇತ್ತು, ಕಣ್ಣು ಮಾತ್ರ ಬೇರೆಯಾಯಿತು. "ನಾಳೆ ದಾದಾ ಕೇಳಿದ್ರ ಏನ್ ಹೇಳ್ಲಿ?"

"ವೃಷಾಲಿ ಮನ್ಯಾಗ ಕಂಪ್ಯೂಟರ್ ಹೊಸಾದು ಆಗಾಕತ್ತೈತಿ ಅಂತ ಹೇಳು. ಇನ್ಮುಂದ ಫ್ಲೆಕ್ಸಿಗೆ ಬರಬ್ಯಾಡ ಅಂತಾಳ ಅಂತಾನೂ ಹೇಳು. ಮತ್ತ ನೀ ಚಪ್ಲಿ ಹೊರಗ ಬಿಡು."

"ಅಕಿಗೆ ಜ್ವರ ಬಂದಾವ ಭಾವು, ತಲಿ ಸರಿ ಇಲ್ಲ" ಎಂದು ಸುದಾಮ ಗೋಟ್ಯಾನ ತೋಳು ಹಿಡಿದು ಹೊರಗೆ ಕರೆದೊಯ್ದ. ಬಸ್ ಸ್ಟ್ಯಾಂಡ್ ಹತ್ತಿರ ಫ್ಲೆಕ್ಸ್ ಮಾಡುವ ಇನ್ನೊಂದು ಅಂಗಡಿ ಇತ್ತಲ್ಲ. ಅಂಗಳದಿಂದ ಅವನ ಧ್ವನಿ ಕೇಳಿಸಿತು: "ನನ್ನ ಫೋಟೋ ಫೋನಿನಾಗ ಐತಿ. ಅವರಿಗೂ ಕಳಸ್ತೇನಿ. ಎರಡನೇ ಸಾಲು ಅಂದಿದ್ದಿ, ಹೌದಿಲ್ಲೋ?"

ಮರುದಿನ ಬೆಳಿಗ್ಗೆ ಊರ ತುಂಬ ಫ್ಲೆಕ್ಸ್ ಏರಿದ್ದವು. ಗಾಣದ ಗಲ್ಲಿಯ ಬಾಯಲ್ಲೂ ಏರಿತ್ತು, ಕಿಟಕಿಗೆ ಸಮವಾಗಿಯೇ. ಹಾಲು ತರಲು ಹೋದಾಗ ಅವಳು ನೋಡಿದಳು. ಎರಡನೆಯ ಸಾಲಿನಲ್ಲಿ ಸುದಾಮ ಕೈಮುಗಿದು ನಗುತ್ತಿದ್ದ.

ಮನೆಯಲ್ಲಿ ಅವನು ಹಳೆಯ ಸಾಫ್ಟ್‌ವೇರಿನ ಚಿತ್ರದ ಮೇಲೆ ಒತ್ತಿದ, ಮತ್ತೆ ಒತ್ತಿದ. ಇದು ಇಲ್ಲಿ ನಡೆಯುವುದಿಲ್ಲ ಎಂಬ ಒಂದೇ ಉತ್ತರ. ಅವಳ ಜೊತೆ ಮಾತಾಡಲಿಲ್ಲ, ಗೋಡೆಗೆ ಹೇಳಿದ: "ಹಿಂದಕ್ಕ ಹೋಗಾಕ ಕೆಲವು ದಿನ ದಾರಿ ಇರತೈತಂತ. ಕೇಳ್ಕೊಂಡ ಬಂದೇನಿ. ನಾಳೆ ಕಂಪ್ಯೂಟರ್ ಅಂಗಡಿಯವ ಬಂದು ಮೊದಲಿನಂಗ ಮಾಡಿಕೊಡ್ತಾನ." ಸಂಜೆ ಬಿಳಿ ಅಂಗಿ ತೊಟ್ಟು ಮೆರವಣಿಗೆಗೆ ಹೋದ.

ಢೋಲು ಓಣಿಯ ತುದಿಗೆ ಬಂದಾಗ ವೃಷಾಲಿ ಕಂಪ್ಯೂಟರಿನ ಮುಂದೆಯೇ ಕೂತಿದ್ದಳು. ಅನುಪಮಾ ಕಳಿಸಿದ ಪಾಠ ತೆರೆದಿತ್ತು, ಮೂರನೆಯ ತರಗತಿಯದು, ಬಾವಿಗೆ ನೀರು ಎಲ್ಲಿಂದ ಬರುತ್ತದೆ ಎಂಬ ಪಾಠ. ಅಕ್ಷರಗಳು ನೆಟ್ಟಗೆ ನಿಂತಿದ್ದವು. ಪುಣೆಯವರು ಮೆಚ್ಚುತ್ತಾರೋ ಇಲ್ಲವೋ. ಅದನ್ನು ಬದಿಗೆ ಸರಿಸಿ, ಹಿಂದಕ್ಕೆ ಹೋಗುವ ದಾರಿಯನ್ನು ಹುಡುಕಿದಳು. ಹಳೆಯ ವಿಂಡೋಸು ಒಂದು ಮೂಲೆಯಲ್ಲಿ ಗಂಟು ಕಟ್ಟಿಕೊಂಡು ಕೂತಿತ್ತು. ಅಳಿಸಿದರೆ ಮತ್ತೆ ಸಿಗುವುದಿಲ್ಲ ಎಂದು ಎಚ್ಚರಿಸಿತು. ನಿನ್ನೆ ಒತ್ತಿದಾಗ ಸಿಟ್ಟಿತ್ತು. ಇವತ್ತು ಎದೆ ಹೊಡೆದುಕೊಳ್ಳಲಿಲ್ಲ. ಅಳಿಸಿದಳು. ಆಮೇಲೆ ಹುಲಿಗಳನ್ನು, ಸಿಂಹಾಸನಗಳನ್ನು, ಮುಖಗಳ ಕಡತವನ್ನು ಒಂದೊಂದಾಗಿ ಅಳಿಸುತ್ತ ಹೋದಳು. ಹೊರಗೆ ದಾದಾನಿಗೆ ಜೈ ಎಂದು ಗಂಟಲುಗಳು ಹರಿಯುತ್ತಿದ್ದವು.

ಕತ್ತಲಾದ ಮೇಲೆ ಸುದಾಮ ಬಂದ. ತಲೆ, ಮುಖ, ಬಿಳಿ ಅಂಗಿ, ಎಲ್ಲ ಗುಲಾಲು. ಹಸಿದಿದ್ದ. ಕೈ ತೊಳೆಯದೆ ಒಲೆಯ ಪಕ್ಕ ಕುಕ್ಕರಗಾಲಿನಲ್ಲಿ ಕೂತು, ಬುಟ್ಟಿಯ ಬಟ್ಟೆ ಸರಿಸಿ, ಮೇಲಿನದು ಆರಿದೆಯೆಂದು ಬಿಸಿಯದಕ್ಕಾಗಿ ಭಕ್ಕರಿಗಳನ್ನು ಒಂದೊಂದೂ ಮುಟ್ಟಿ ಮಗುಚಿದ.

"ದಾದಾ ನನ್ನ ಹೆಗಲ ಮ್ಯಾಲೆ ಕೈ ಇಟ್ರು" ಎಂದ, ನಿನ್ನೆಯಿಂದ ಮೊದಲ ಬಾರಿ ಅವಳ ಕಡೆ ನೋಡಿ.

ಬುಟ್ಟಿಯ ಭಕ್ಕರಿಗಳ ಮೇಲೆಲ್ಲ ಗುಲಾಬಿ ಬೆರಳುಗಳು ಮೂಡಿದ್ದವು. ವೃಷಾಲಿ ಬುಟ್ಟಿಯನ್ನು ಪೂರ್ತಿಯಾಗಿ ಅವನ ಕಡೆಗೆ ತಳ್ಳಿದಳು. ಎದ್ದು ಹಿಟ್ಟು ನಾದುವ ಪರಾತ ತೊಳೆದು ಒರೆಸಿದಳು. ಡಬ್ಬದಿಂದ ಒಂದು ಹಿಡಿ ಹಿಟ್ಟು ಹಾಕಿಕೊಂಡು, ಆರಿಸಿದ್ದ ಒಲೆಯನ್ನು ಮತ್ತೆ ಹಚ್ಚಿ, ಚಿಕ್ಕ ಪಾತ್ರೆಯಲ್ಲಿ ಒಬ್ಬಳಿಗೆ ಸಾಕಾಗುವಷ್ಟು ನೀರು ಕಾಯಲು ಇಟ್ಟಳು.