ಲಾರಿಯವನ ಗಂಟು

ಆ ಭಾನುವಾರ ಗಾಳಿ ಎದ್ದ ರೀತಿ ನೋಡಿದರೆ ಬುದ್ಧಿ ನೆಟ್ಟಗಿರುವ ಯಾರೂ ದೋಣಿ ಇಳಿಸುತ್ತಿರಲಿಲ್ಲ. ಆದರೆ ಹಾಯಿದೋಣಿ ಕ್ಲಬ್ಬಿನವರಿಗೆ ವಾರಕ್ಕೊಂದು ಪಂದ್ಯ ಆಗದಿದ್ದರೆ ತಿಂದದ್ದು ಅರಗುವುದಿಲ್ಲ. ಲಾರಿಯವನ ಭಾವನೂ ಅದೇ ಗುಂಪಿನವನು. ವಾರವೆಲ್ಲ ಕನ್ನಡಕದ ಅಂಗಡಿಯಲ್ಲಿ ತಣ್ಣಗೆ ಮಾತಾಡಿಕೊಂಡಿರುವ ಮನುಷ್ಯ, ನೀರು ಕಂಡರೆ ಹೆಂಡತಿ ಕರೆದರೂ ಕೇಳಿಸಿಕೊಳ್ಳುತ್ತಿರಲಿಲ್ಲ.

ಅವನ ಜೊತೆಗಾರನಿಗೆ ಸೊಂಟ ಉಳುಕಿತ್ತು. ಗಾಳಿ ಜೋರಿದ್ದ ದಿನ ದೋಣಿ ಮಗುಚದಂತೆ ಅಂಚಿನಲ್ಲಿ ಕೂತು ಹೊರಕ್ಕೆ ವಾಲುವುದಕ್ಕೆ ತೂಕದ ಆಳೇ ಬೇಕು. ತೂಕಕ್ಕೇನು ಬರ? ಹೆಂಡತಿಯ ತಮ್ಮ ಇದ್ದಾನಲ್ಲ, ಲಾರಿಗೆ ಸರಕು ಹೇರಿ ಕಟ್ಟುವವನು, ಎಲ್ಲರ ಬಾಯಲ್ಲೂ ‘ಮೂಟೆ’.

ಮೂಟೆಗೆ ನೀರೆಂದರೆ ಪುಕುಪುಕು. ಈಜು ಅಷ್ಟಕ್ಕಷ್ಟೇ. ಆದರೆ ದಡದಲ್ಲಿ ಅಕ್ಕ ಅವನ ಲೈಫ್ ಜಾಕೆಟ್ಟಿನ ಪಟ್ಟಿ ಬಿಗಿ ಮಾಡುತ್ತ, “ಇವರಿಗೆ ನೀರಿಗಿಳಿದ್ರೆ ಮೈಮೇಲೆ ಎಚ್ಚರ ಇರಲ್ಲ ಕಣೋ. ನೀನು ಜೊತೇಲಿದ್ರೆ ನಂಗೆ ಧೈರ್ಯ,” ಅಂದಾಗ ಇಲ್ಲವೆನ್ನಲು ಅವನಿಗೆ ನಾಲಿಗೆ ಏಳಲಿಲ್ಲ.

ಭಾವ ಮುಂದಿನ ಸಣ್ಣ ಹಾಯಿಯ ಹಗ್ಗವನ್ನು ಅವನ ಕೈಗಿಟ್ಟ. “ಇದನ್ನ ಹಿಡ್ಕೊಂಡಿರು. ಬಿಡು ಅಂದ್ರೆ ಬಿಟ್ಬಿಡು. ಅಷ್ಟೇ ನಿನ್ನ ಕೆಲಸ.”

“ಬಿಟ್ರೆ ಹಾಯಿ ಹಾರಿಹೋಗಲ್ವಾ ಭಾವ?”

“ಹಾಯಿ ಪಟಪಟ ಅನ್ನುತ್ತೆ, ದೋಣಿ ನೆಟ್ಟಗಾಗುತ್ತೆ. ಬಿಡ್ಲಿಲ್ಲ ಅಂದ್ರೆ ಇಬ್ರೂ ನೀರಲ್ಲಿ.”

ಮಾತು ಮೂಟೆಯ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಇಷ್ಟು ವರ್ಷ ಅವನು ಕಲಿತದ್ದು ಒಂದೇ: ಕಟ್ಟಿದ್ದು ಉಳಿಯುತ್ತದೆ, ಸಡಿಲವಾದದ್ದು ರಸ್ತೆಗೆ ಬೀಳುತ್ತದೆ.

ಮೊದಲ ಸುತ್ತು ಹೇಗೋ ಮುಗಿಯಿತು. ಎರಡನೆಯದರಲ್ಲಿ ಒದ್ದೆ ಹಗ್ಗ ಅಂಗೈಯನ್ನು ಕೊಯ್ಯತೊಡಗಿತು. ದೋಣಿ ಒಂದೊಂದು ಸಲ ವಾಲಿದಾಗಲೂ ಅವನ ಜೀವ ಬಾಯಿಗೆ ಬರುತ್ತಿತ್ತು. ಈ ಹಗ್ಗ ಕೈ ಜಾರಿದರೆ ಮುಗಿದೇ ಹೋಯಿತು, ಎಲ್ಲ ಕಿತ್ತುಕೊಂಡು ಹೋಗುತ್ತದೆ ಎಂದು ಅವನಿಗೆ ಖಾತ್ರಿಯಾಯಿತು. ಭಾವನ ಕಣ್ಣೆಲ್ಲ ಮುಂದಿನ ದೋಣಿಯ ಮೇಲೆ. ಮೂಟೆ ಮೆಲ್ಲಗೆ ಹಗ್ಗವನ್ನು ಅಡ್ಡಹಲಗೆಗೆ ಸುತ್ತಿ, ಲಾರಿಗೆ ಹಾಕುವ ಗಂಟನ್ನೇ ಹಾಕಿದ. ಇರಲಿ ಎಂದು ಮೇಲೆ ಇನ್ನೆರಡು ಸುತ್ತು ಬಿಗಿದ. ಆಗ ಅವನಿಗೆ ಉಸಿರು ಬಂತು ಪಾಪ.

ಗಾಳಿಯೇನು ಹೇಳಿಕೇಳಿ ಬರುತ್ತದೆಯೇ? ಬಲಗಡೆ ನೀರು ಬಿರುಗಾಳಿಗೆ ಸುಕ್ಕಾಗಿ ಇದ್ದಕ್ಕಿದ್ದಂತೆ ಕಪ್ಪಾಯಿತು.

“ಬಿಡು,” ಅಂದ ಭಾವ, ದೊಡ್ಡ ಹಾಯಿಯ ಹಗ್ಗ ಬಿಡುತ್ತ. “ಲೋ, ಬಿಡೋ!”

ಮೂಟೆ ಗಂಟಿಗೆ ಕೈ ಹಾಕಿದ. ಅದು ಕಲ್ಲಾಗಿತ್ತು. ಸಣ್ಣ ಹಾಯಿ ಗಾಳಿಯನ್ನಷ್ಟೂ ನುಂಗಿಕೊಂಡು ಉಬ್ಬಿ ನಿಂತು ದೋಣಿಯನ್ನು ಕೆಡವಿತು. ದೋಣಿ ಪೂರ್ತಿ ಬೋರಲಾಯಿತು.

ಮೂಟೆ ಕೆಮ್ಮುತ್ತ ಮೇಲೆ ಬಂದ. ಭಾವ ಇರಲಿಲ್ಲ. ಕೂಗಿದ, ಉತ್ತರವಿಲ್ಲ. ಕ್ಲಬ್ಬಿನ ಮೋಟಾರು ದೋಣಿ ದೂರದಲ್ಲೆಲ್ಲೋ ಇನ್ನೊಬ್ಬರನ್ನು ಎತ್ತುತ್ತಿತ್ತು. ಆಗ ಬೋರಲಾದ ದೋಣಿಯ ಒಳಗಿನಿಂದ ಯಾರೋ ದಬದಬ ಬಡಿದರು.

ಜಾಕೆಟ್ ಇದ್ದರೆ ದೋಣಿಯಡಿಗೆ ಮುಳುಗಲಾಗದು. ಅದನ್ನು ಬಿಚ್ಚುವಾಗ ಮೂಟೆ ಅಳುತ್ತಿದ್ದ. ಸತ್ತೆ ಎಂದುಕೊಂಡೇ ಮುಳುಗಿ ಒಳಗೆ ನುಸುಳಿದ.

ಒಳಗೆ ಕತ್ತಲು, ಒಂದು ಗೇಣಿನಷ್ಟು ಗಾಳಿ. ಭಾವನ ಮುಖ ಮಾತ್ರ ನೀರಿನ ಮೇಲಿತ್ತು. ಅಲೆ ಬಂದಾಗ ಅದೂ ಮುಳುಗುತ್ತಿತ್ತು. “ಕಾಲು,” ಅಂದ ಭಾವ. “ಹಗ್ಗ.” ಮೂಟೆ ತಡವಿದ. ಅದೇ ಹಗ್ಗ. ಪಾದದ ಸುತ್ತ ಒಂದು ಸುತ್ತು ಬಿದ್ದು, ನೀರು ತುಂಬಿದ ಹಾಯಿ ಅದನ್ನು ಕೆಳಕ್ಕೆ ಜಗ್ಗುತ್ತಿತ್ತು. ಉಗುರಿನಿಂದ ಕಿತ್ತ, ಹಲ್ಲಿನಿಂದ ಕಚ್ಚಿದ. ಗಂಟು ಜಪ್ಪಯ್ಯ ಅನ್ನಲಿಲ್ಲ. ತನ್ನ ಕೈಯಾರೆ ಅಕ್ಕನ ಗಂಡನನ್ನು ಕೊಲ್ಲುತ್ತಿದ್ದೇನೆ ಎಂದು ಅವನಿಗೆ ಸ್ಪಷ್ಟವಾಗಿ ಗೊತ್ತಿತ್ತು. ಮುಂದಿನ ಅಲೆಗೆ ಭಾವನ ಮುಖ ಮುಳುಗಿತು, ಬೇಗ ಮೇಲೆ ಬರಲಿಲ್ಲ. ಮೂಟೆ ಗಂಟನ್ನು ಬಿಟ್ಟು, ಹಾಯಿಯ ಕಡೆಯ ಹಗ್ಗವನ್ನು ಎರಡೂ ಕೈಯಲ್ಲಿ ಹಿಡಿದು, ಹಲಗೆಗೆ ಕಾಲು ಕೊಟ್ಟು, ಇಷ್ಟು ವರ್ಷ ಮೂಟೆ ಹೊತ್ತ ಬಲವನ್ನೆಲ್ಲ ಹಾಕಿ ಜಗ್ಗಿದ. ನಾಲ್ಕು ಬೆರಳಷ್ಟು ಸಡಿಲ ಸಿಕ್ಕಿತು. ಪಾದ ಈಚೆ ಬಂತು.

ಮೋಟಾರು ದೋಣಿ ಇಬ್ಬರನ್ನೂ ದಡಕ್ಕೆ ತಂದಿತು, ಹಾಯಿದೋಣಿಯನ್ನು ಹಿಂದೆ ಎಳೆದು ತಂದಿತು. ಭಾವ ನೀರು ಕಾರಿ, ಗೋಡೆಗೆ ಒರಗಿ ಕೂತ. ಮುಖ ಸುಣ್ಣದಂತಾಗಿತ್ತು. ಅಕ್ಕ ಗಂಡನಿಗೆ ಕಂಬಳಿ ಹೊದಿಸಿ, ತಮ್ಮನ ತಲೆಯನ್ನು ಟವೆಲ್ಲಿನಿಂದ ಒರೆಸುತ್ತಿದ್ದಳು. “ನೀನಿದ್ದಿದ್ದಕ್ಕೆ ಇವರು ಉಳಿದ್ರು,” ಅಂದಳು, ಮತ್ತೆ ಮತ್ತೆ. ಮೂಟೆಯ ಹಲ್ಲು ಕಟಕಟ ಅನ್ನುತ್ತಿತ್ತು. ಭಾವ ನೆಲ ನೋಡುತ್ತಿದ್ದ.

ದೋಣಿ ರಿಪೇರಿಯ ಮುದುಕ ಹಗ್ಗ ಬಿಡಿಸಲು ಹೋಗಿ ಸೋತು, ಚಾಕು ತೆಗೆದ. “ಇದನ್ನ ಯಾರ್ರೀ ಕಟ್ಟಿದ್ದು?”

ಅಕ್ಕ ಕತ್ತೆತ್ತಿ ನೋಡಿದಳು. ನೋಡಿದ್ದೇ ಗುರುತು ಹಿಡಿದಳು.

“ನನ್ನ ತಮ್ಮಂದು ಅದು,” ಅಂದಳು ಹೆಮ್ಮೆಯಿಂದ. “ಅವನು ಕಟ್ಟಿದ್ರೆ ಬಿಚ್ಚೋ ಮಾತೇ ಇಲ್ಲ.”

ಮುದುಕ ಚಾಕು ಹಿಡಿದುಕೊಂಡೇ ಭಾವನ ಕಡೆ ನೋಡಿದ. ಭಾವ ತಲೆ ಎತ್ತಲಿಲ್ಲ. ಅಕ್ಕ ಒಬ್ಬೊಬ್ಬರ ಮುಖವನ್ನೇ ನೋಡಿದಳು, ಆಮೇಲೆ ಗಂಡನ ಪಾದದ ಮೇಲಿನ ಕೆಂಪು ಬರೆಯನ್ನು ನೋಡಿದಳು.

“ಹೌದಕ್ಕ, ನಾನೇ ಕಟ್ಟಿದ್ದು,” ಅಂದ ಮೂಟೆ. “ಭಯ ಆಯ್ತು.”

ಅವನ ತಲೆಯ ಮೇಲಿದ್ದ ಅವಳ ಕೈ ಅಲ್ಲೇ ನಿಂತಿತು.